ಜೆಂಕಿನ್ ತಿಂದ ಶಾಕ್

ಮೋಟಾರ್ ಡ್ರೈವರ್, ಅಂದರೆ ಮೋಟಾರನ್ನು ನಡೆಸುವ ಸರ್ಕ್ಯೂಟಿನ ಪಾಠ ಶುರು ಮಾಡುವಾಗ ನಾನು ಮೊದಲು ಹೇಳುವುದು ವಿಲಿಯಂ ಜೆಂಕಿನ್ ಎಂಬವರ ಹೆಸರು. ಸಣ್ಣ ಬ್ಯಾಟರಿಗೆ ಮಾಮೂಲಿ ತಂತಿ ಜೋಡಿಸಿ ಬಿಡಿಸಿದರೆ ಕೈಗೆ ಏನೂ ತಾಗುವುದಿಲ್ಲ. ತಂತಿಯನ್ನು ವಿದ್ಯುತ್ಕಾಂತದ ಮೇಲೆ ಸುತ್ತಿದ್ದರೆ, ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ಸಂಪರ್ಕ ತಪ್ಪಿಸಿದ ಕೂಡಲೇ ಶಾಕ್ ಹೊಡೆಯುತ್ತದೆ. ಇದನ್ನು ಗಮನಿಸಿದ ಜೆಂಕಿನ್ 1834ರಲ್ಲಿ ಫ್ಯಾರಡೆಯವರಿಗೆ ತಿಳಿಸಿದರು. ಫ್ಯಾರಡೆ ಬೆನ್ನುಹತ್ತಿ ಪರೀಕ್ಷಿಸಿ, ಮರುವರ್ಷ ರಾಯಲ್ ಸೊಸೈಟಿಯ ಮುಂದಿಟ್ಟ ಪ್ರಬಂಧದಲ್ಲಿ ಜೆಂಕಿನ್ ಹೆಸರನ್ನೂ ಬರೆದರು. ಅದು ದೊಡ್ಡ ಗುಣ. ಉದ್ದ ತಂತಿಯ ಸಂಪರ್ಕ ತಪ್ಪಿದಾಗ ಏಳುವ ಕಿಡಿಯ ಬಗ್ಗೆ ಅಮೆರಿಕದ ಜೋಸೆಫ್ ಹೆನ್ರಿ 1832ರಲ್ಲೇ ಬರೆದಿದ್ದರು.

ಕಿಡಿಗೆ ಮೊದಲ ಮದ್ದು ಸಿಕ್ಕಿದ್ದು ಫ್ರಾನ್ಸಿನಲ್ಲಿ. ಇಂಡಕ್ಷನ್ ಕಾಯಿಲ್‌ನ ಸಂಪರ್ಕ ಬಿಂದುಗಳಿಗೆ ಅಡ್ಡಲಾಗಿ ಕಂಡೆನ್ಸರ್ ಹಾಕಬಹುದೆಂದು 1853ರಲ್ಲಿ ಭೌತವಿಜ್ಞಾನಿ ಫಿಜೋ ತೋರಿಸಿಕೊಟ್ಟರು. ಅಂಬಾಸಡರ್ ಕಾರು ರಿಪೇರಿ ಮಾಡಿದ ಹಳೆಯ ಮೆಕ್ಯಾನಿಕ್‌ಗಳಿಗೆ ಇದನ್ನು ವಿವರಿಸಬೇಕಿಲ್ಲ. ಕಂಡೆನ್ಸರ್ ಹೋದರೆ ಪಾಯಿಂಟ್ ಕರಟುತ್ತದೆ, ಗಾಡಿ ಮಿಸ್ ಹೊಡೆಯುತ್ತದೆ; ಅರದಿಂದ ಉಜ್ಜಿದರೆ ಮತ್ತಷ್ಟು ದಿನ ಓಡುತ್ತದೆ.

ಮೋಟಾರ್ ಡ್ರೈವರಿನಲ್ಲಿ ಸ್ವಿಚ್ಚಿನ ಕೆಲಸ ಮಾಡುವ ಟ್ರಾನ್ಸಿಸ್ಟರಿಗೆ ಅರದ ಉಪಚಾರ ಇಲ್ಲ. ಮೈಕ್ರೋಸೆಕೆಂಡುಗಳಲ್ಲೇ ಅದರ ಕಥೆ ಮುಗಿಯುತ್ತದೆ.

ತರಗತಿಯಲ್ಲಿ 12 ವೋಲ್ಟಿನ ರಿಲೇ ಕಾಯಿಲ್‌ಗೆ ಅಡ್ಡಲಾಗಿ ಪುಟ್ಟ ನಿಯಾನ್ ದೀಪ ಹಾಕಿ ತೋರಿಸುತ್ತೇನೆ. ಅದು ಹೊತ್ತಿಕೊಳ್ಳಲು 60 ವೋಲ್ಟಿಗಿಂತ ಹೆಚ್ಚು ಬೇಕು. ಸ್ವಿಚ್ ಒತ್ತಿದಾಗ ಸುಮ್ಮನಿರುತ್ತದೆ, ಬಿಟ್ಟಾಗ ಕಿತ್ತಳೆ ಬಣ್ಣದಲ್ಲಿ ಮಿಂಚುತ್ತದೆ. ಹಿಂದಿನ ಬೆಂಚಿನವರೂ ಎದ್ದು ಬರುತ್ತಾರೆ. ಆಮೇಲೆ ಬೆಳ್ಳಿ ಪಟ್ಟಿ ಪ್ಲಸ್ ಕಡೆಗೆ ಬರುವಂತೆ ಒಂದು ಡಯೋಡ್ ಸೇರಿಸುತ್ತೇನೆ. ದೀಪ ಮತ್ತೆ ಮಿಂಚುವುದಿಲ್ಲ: ಕಾಯಿಲ್‌ನ ಕರೆಂಟ್ ಡಯೋಡ್ ಮೂಲಕ ಸುತ್ತಿ ತಣ್ಣಗಾಗುತ್ತದೆ. ಸ್ವಿಚ್ ಜಾಗದಲ್ಲಿ ಟ್ರಾನ್ಸಿಸ್ಟರ್ ಇದ್ದಿದ್ದರೆ ಅದಕ್ಕೆ ಬೀಳುತ್ತಿದ್ದುದು 13 ವೋಲ್ಟ್ ಆಸುಪಾಸು, ಅಷ್ಟೆ. ರಿಲೇ ಬಿಡುವುದು ಸ್ವಲ್ಪ ತಡವಾಗುತ್ತದೆ, ಆ ಬೆಲೆ ತೆರಲೇಬೇಕು.

ಮೋಟಾರಿನೊಳಗೂ ಇಂಥದೇ ಕಾಯಿಲ್ ಇದೆ. ಅದು ಎರಡೂ ದಿಕ್ಕಿಗೆ ತಿರುಗಬೇಕಾದರೆ ನಾಲ್ಕು ಸ್ವಿಚ್ಚು, ನಾಲ್ಕು ಡಯೋಡು. ಎಲ್293ಡಿ ಚಿಪ್ಪಿನಲ್ಲಿ ಡಯೋಡುಗಳು ಒಳಗೇ ಇವೆ. ಬರೀ ಎಲ್293ರಲ್ಲೂ ಎಲ್298ರಲ್ಲೂ ಇಲ್ಲ, ಹೊರಗಿಂದ ಹಾಕಬೇಕು. ಅವೂ ವೇಗದ ಡಯೋಡ್ ಆಗಿರಬೇಕು, ಏಕೆಂದರೆ ಮೋಟಾರಿನ ವೇಗ ಹೊಂದಿಸುವ ಪಿಡಬ್ಲ್ಯುಎಂ ಸೆಕೆಂಡಿಗೆ ಸಾವಿರಾರು ಸಲ ಕರೆಂಟ್ ಕಡಿಯುತ್ತದೆ. ಡಯೋಡುಗಳ ಮೂಲಕ ಹಿಂದಿರುಗುವ ಕಾಯಿಲ್‌ನ ಶಕ್ತಿ ಸಪ್ಲೈ ತಂತಿಗೇ ಬರುವುದರಿಂದ, ಚಿಪ್ಪಿನ ಪಕ್ಕದಲ್ಲೇ ಒಂದು ದೊಡ್ಡ ಕೆಪಾಸಿಟರ್ ಇರಲಿ.

ಚಿಪ್ ಸುಟ್ಟರೆ ಹೊಸದನ್ನು ಬೆಸುಗೆ ಹಾಕುವ ಮುಂಚೆ ಪ್ರತಿ ಡಯೋಡಿಗೂ ಮೀಟರ್ ಹಿಡಿದು ನೋಡಿ. ಒಂದು ಓಪನ್ ಆಗಿದ್ದರೂ ಹೊಸ ಚಿಪ್ ಉಳಿಯುವುದಿಲ್ಲ.