ಮಕ್ಕಳ ಅಂಜಿಕೆಯೂ ಮಾಸ್ತರರ ತರಬೇತಿಯೂ

ಮಗು ರಾತ್ರಿ ಬೆಚ್ಚಿಬಿದ್ದು ಅತ್ತರೆ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ಮನೆಗಳಲ್ಲಿ ‘ಹುಡುಗ ಅಂಜ್ಯಾನ’ ಎನ್ನುತ್ತಾರೆ. ದೃಷ್ಟಿ ತೆಗೆಯುತ್ತಾರೆ, ತಾಯತ ಕಟ್ಟಿಸುತ್ತಾರೆ. ಮಗುವಿಗೆ ಏನೋ ಆಗಿದೆ ಎಂಬುದು ಅಜ್ಜಿಯರಿಗೆ ಗೊತ್ತಿತ್ತು. ಸರಕಾರಿ ಆಸ್ಪತ್ರೆಗೆ ಅದು ಗೊತ್ತಾಗಲು ದಶಕಗಳೇ ಬೇಕಾದವು.

ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿದ್ದು 1954ರಲ್ಲಿ. 1974ರಲ್ಲಿ ಅದು ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿ ಮಕ್ಕಳ ಮನಸ್ಸಿನ ಕೆಲಸವನ್ನೇ ವೃತ್ತಿಯಾಗಿ ಹಿಡಿದ ಮನಶ್ಶಾಸ್ತ್ರಜ್ಞೆ ಡಾ. ಮಾಳವಿಕಾ ಕಪೂರ್. ಮಕ್ಕಳಿಗೆ ಚಿಕಿತ್ಸೆ ಕೊಡುತ್ತಲೇ ಅವರು ಶಾಲಾ ಶಿಕ್ಷಕರಿಗೂ ತರಬೇತಿ ಕೊಟ್ಟರು. ಭಾರತದ ಶಾಲೆಗಳಲ್ಲಿನ ಮಾನಸಿಕ ಆರೋಗ್ಯದ ಬಗ್ಗೆ ಅವರು ಬರೆದ ಪುಸ್ತಕ 1997ರಲ್ಲಿ ಬಂತು. ಮಗುವನ್ನು ದಿನವೂ ಕಾಣುವವರು ಮಾಸ್ತರರು. ಕಾರಣವಿಲ್ಲದ ಹೊಟ್ಟೆನೋವು, ಮತ್ತೆ ಶುರುವಾದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ, ಇದ್ದಕ್ಕಿದ್ದಂತೆ ಕವಿದ ಮೌನ, ಸಣ್ಣ ಸದ್ದಿಗೂ ಬೆಚ್ಚುವುದು: ಇವನ್ನು ಮೊಂಡುತನವೆಂದು ಬೈಯದೆ ಗುರುತಿಸಿದರೆ ಅರ್ಧ ದಾರಿ ಸವೆದಂತೆ. ಉಳಿದದ್ದು ಆಟ, ಗೊಂಬೆ, ಚಿತ್ರಗಳ ಮೂಲಕ ನಿಧಾನವಾಗಿ ನಡೆಯುವ ಕೆಲಸ. ಬಾಯಲ್ಲಿ ಹೇಳಲಾಗದ್ದನ್ನು ಮಗು ಗೊಂಬೆಯ ಕೈಯಿಂದ ಮಾಡಿಸಿ ತೋರಿಸುತ್ತದೆ.

ತುಂಗಭದ್ರೆಯ ಆಚೆ ದಡದ ಬಳ್ಳಾರಿಯಲ್ಲಿ 1985ರಿಂದ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಆರೋಗ್ಯದ ತರಬೇತಿ ಕೊಟ್ಟಿತು. 1996ರ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆಗ ಗಂಗಾವತಿ, ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲಿದ್ದವು. ನಾಲ್ಕು ತಾಲ್ಲೂಕುಗಳ ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಬಳ್ಳಾರಿಯ ಕೆಲಸ ದೊಡ್ಡದೇ. ಆದರೆ ಅದರ ಗಮನ ಹೆಚ್ಚಾಗಿ ತೀವ್ರ ಮನೋರೋಗ ಮತ್ತು ಮೂರ್ಛೆರೋಗದ ಮೇಲಿತ್ತು. ಮಕ್ಕಳ ಮನಸ್ಸಿನ ಗಾಯ ಹಿಂದೆ ಉಳಿಯಿತು.

ಆ ಕೊರತೆ ಕೊಪ್ಪಳದ ನೆಲಕ್ಕೆ ದುಬಾರಿಯಾಯಿತು. ಗಂಗಾವತಿಗೆ ಕಾಲುವೆ ನೀರು, ಭತ್ತದ ಗದ್ದೆ. ಕುಷ್ಟಗಿ, ಯಲಬುರ್ಗಾದ್ದು ಒಣಬೇಸಾಯ. ಮಳೆ ಕೈಕೊಟ್ಟರೆ ಗುಳೆ. ಅಪ್ಪ-ಅವ್ವ ಊರು ಬಿಟ್ಟಾಗ ಮಗು ಅಜ್ಜಿಯ ಬಳಿ ಉಳಿಯುತ್ತದೆ, ಇಲ್ಲವೇ ಶಾಲೆ ಬಿಟ್ಟು ಅವರ ಬೆನ್ನು ಹತ್ತುತ್ತದೆ. ಬಾಲ್ಯವಿವಾಹವೂ, 1982ರ ಕಾಯ್ದೆ ನಿಷೇಧಿಸಿದ ದೇವದಾಸಿ ಪದ್ಧತಿಯೂ ಈ ಭಾಗದ ಹೆಣ್ಣುಮಕ್ಕಳನ್ನು ಎಳವೆಯಲ್ಲೇ ಘಾಸಿಗೊಳಿಸಿದವು.

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ, ನೊಂದ ಮಗುವಿನ ಮಾತು ಕೇಳುವ ಕ್ರಮವನ್ನೇ ಬದಲಿಸಿತು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ ಪಡೆಯಬೇಕು, ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ನ್ಯಾಯಾಲಯಕ್ಕೆ ಪದೇಪದೇ ಕರೆಸಬಾರದು. ಗೊಂಬೆಯೆದುರು ತಾಳ್ಮೆಯಿಂದ ಕೂತವರು ಮೊದಲೇ ಕಲಿತಿದ್ದನ್ನು ಕಾನೂನು ಆಮೇಲೆ ಬರೆಯಿತು. ಸಂಕಷ್ಟದಲ್ಲಿರುವ ಮಕ್ಕಳೊಡನೆ ಕೆಲಸ ಮಾಡುವವರ ತರಬೇತಿಗೆಂದೇ ನಿಮ್ಹಾನ್ಸ್‌ನಲ್ಲಿ ‘ಸಂವಾದ್’ 2020ರಲ್ಲಿ ಶುರುವಾಯಿತು. 2022ರಿಂದ 14416 ಸಹಾಯವಾಣಿಗೆ ಫೋನ್ ಮಾಡಿದರೆ ಆಪ್ತಸಲಹೆ ಕನ್ನಡದಲ್ಲೇ ಸಿಗುತ್ತದೆ. ಗುಳೆ ಹೋದ ಮನೆಯ ಹುಡುಗನ ಪರವಾಗಿ ಆ ಫೋನ್ ಮಾಡಬೇಕಾದವರು ಅಂಗನವಾಡಿ ಕಾರ್ಯಕರ್ತೆ, ಇಲ್ಲವೇ ಅವನ ಮಾಸ್ತರರು.