ಅಂಚೆಯಲ್ಲಿ ಬಂದ ಮದುಮಗಳು

ಅಮೆರಿಕೆಯ ಪಶ್ಚಿಮ ಸೀಮೆಯನ್ನು ಕುರಿತ ಅಗ್ಗದ ಕಾದಂಬರಿಗಳನ್ನು ನಾನು ಕದ್ದು ಓದಿದವನು. ಕನ್ನಡ ಪಾಠ ಹೇಳುವವನ ಚೀಲದಲ್ಲಿ ಪಂಪಭಾರತದ ಪಕ್ಕಕ್ಕೆ ಕುದುರೆ ಸವಾರನ ಚಿತ್ರವುಳ್ಳ ಹೊತ್ತಿಗೆ ಕಂಡರೆ ವಿದ್ಯಾರ್ಥಿಗಳು ಏನೆಂದಾರು ಎಂಬ ಅಳುಕು ಆಗ ಇತ್ತು, ನಿವೃತ್ತನಿಗೆ ಅದಿಲ್ಲ. ಈ ಕಾದಂಬರಿಗಳಲ್ಲಿ ವಿನೋದದ್ದೇ ಒಂದು ಜಾತಿ. ಒಂಟಿ ರೈತನೊಬ್ಬ ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತಾನೆ. ಪೂರ್ವದ ಪಟ್ಟಣದಿಂದ ಕಾಗದ ಬರುತ್ತದೆ, ಅದರ ಬೆನ್ನಿಗೇ ಹೆಣ್ಣೂ ಬರುತ್ತಾಳೆ. ಅಡುಗೆ ಬಲ್ಲೆನೆಂದು ಬರೆದವಳಿಗೆ ಒಲೆ ಹೊತ್ತಿಸಲು ಬಾರದು. ತರುಣನೆಂದು ಬರೆದುಕೊಂಡವನ ತಲೆ ಬೋಳು. ಜಗಳದಿಂದ ತೊಡಗಿ ಚರ್ಚಿನಲ್ಲಿ ಮುಗಿಯುವ ಕಥೆ. ನಗು ಬರುತ್ತದೆ, ಒಪ್ಪುತ್ತೇನೆ. ಆದರೆ ಇದರ ಹಿಂದಿನ ಇತಿಹಾಸ ಕಥೆಗಿಂತ ವಿನೋದದ್ದು, ಕಥೆಗಿಂತ ಕಟುವಾದದ್ದು ಕೂಡ.

ವಾಷಿಂಗ್ಟನ್ ಪ್ರಾಂತ್ಯದ ಸಿಯಾಟಲ್ 1860ರ ದಶಕದಲ್ಲಿ ಮರ ಕಡಿಯುವವರ ಸಣ್ಣ ಊರು. ಬಿಳಿಯರಲ್ಲಿ ಗಂಡಸರ ಸಂಖ್ಯೆ ಹೆಂಗಸರಿಗಿಂತ ಹಲವು ಪಟ್ಟು. ಅಲ್ಲಿ ಹೊಸದಾಗಿ ಹುಟ್ಟಿದ ವಿಶ್ವವಿದ್ಯಾನಿಲಯಕ್ಕೆ ಏಸಾ ಮರ್ಸರ್ ಎಂಬ ತರುಣನೇ ಅಧ್ಯಕ್ಷ, ಅವನೇ ಉಪಾಧ್ಯಾಯ. ಹೆಣ್ಣುಗಳನ್ನು ಕರೆತರುವ ಯೋಚನೆ ಇವನದು. 1864ರಲ್ಲಿ ಮ್ಯಾಸಚೂಸೆಟ್ಸಿನ ಲೊವೆಲ್ ಪಟ್ಟಣಕ್ಕೆ ಹೋಗಿ, ಉಪಾಧ್ಯಾಯಿನಿಯರ ಕೆಲಸದ ಭರವಸೆ ಕೊಟ್ಟು, ಆ ಸೀಮೆಯ ಹನ್ನೊಂದು ಮಂದಿಯನ್ನು ಪನಾಮಾ ಮಾರ್ಗವಾಗಿ ಕರೆತಂದ.

ಲೊವೆಲ್ಲೇ ಏಕೆ? ಅದು ಹತ್ತಿ ಗಿರಣಿಗಳ ಊರು. ಅಂತರ್ಯುದ್ಧದಿಂದ ದಕ್ಷಿಣದ ಹತ್ತಿ ನಿಂತಿತು, ಗಿರಣಿ ಮುಚ್ಚಿದವು, ದುಡಿಯುವ ಹೆಣ್ಣುಮಕ್ಕಳು ಬೀದಿಗೆ ಬಂದರು. ವರನಾಗಬಹುದಾಗಿದ್ದವರು ರಣರಂಗಕ್ಕೆ ಹೋದರು. ಇದೇ ಹತ್ತಿಯ ಬರದಿಂದಲೇ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಚಿನ್ನದ ಬೆಲೆ ಬಂದು, 1865ರಲ್ಲಿ ಯುದ್ಧ ಮುಗಿದೊಡನೆ ಇಳಿದುಹೋಯಿತು. ಅದೇ ಯುದ್ಧ ನಮ್ಮ ರೈತನ ಕೈಗೆ ನಾಲ್ಕು ಕಾಸು ಹಾಕಿತು, ಲೊವೆಲ್ಲಿನ ಹುಡುಗಿಯನ್ನು ಹಡಗು ಹತ್ತಿಸಿತು. ವಿನೋದ ಕಾದಂಬರಿಕಾರನಿಗೆ ಹತ್ತಿಯ ಗೊಡವೆ ಬೇಡ. ಅವನ ನಾಯಕಿ ಯಾವಾಗಲೂ ಸಾಹಸಕ್ಕಾಗಿಯೇ ಹೊರಡುತ್ತಾಳೆ.

ಮರ್ಸರನ ಎರಡನೆಯ ಯಾತ್ರೆಯೇ ನಿಜವಾದ ಪ್ರಹಸನ. ಮದುವೆ ಮಾಡಿ ನೋಡು ಎಂಬ ನಮ್ಮ ಗಾದೆಯನ್ನು ಅವನು ಕೇಳಿರಲಿಲ್ಲ. ಬ್ರಹ್ಮಚಾರಿಗಳಿಂದ ತಲಾ 300 ಡಾಲರ್ ಮುಂಗಡ ಪಡೆದು, ನೂರಾರು ಕನ್ಯೆಯರನ್ನು ತರುವೆನೆಂದು 1865ರಲ್ಲಿ ಹೊರಟ. ಲಿಂಕನ್ನರ ಸಹಾಯ ಬೇಡಬೇಕೆಂದಿದ್ದವನಿಗೆ ನ್ಯೂಯಾರ್ಕಿನಲ್ಲಿ ಅವರ ಕೊಲೆಯ ಸುದ್ದಿ ಎದುರಾಯಿತು. ಪತ್ರಿಕೆಗಳು ಅವನ ಉದ್ದೇಶವನ್ನೇ ಶಂಕಿಸಿ ಬರೆದವು; ಹೆಸರು ಕೊಟ್ಟವರು ಹಿಂದೆಗೆದರು. 1866ರ ಜನವರಿಯಲ್ಲಿ 'ಕಾಂಟಿನೆಂಟಲ್' ಹಡಗು ಹೊರಟಾಗ ಒಟ್ಟು ಪ್ರಯಾಣಿಕರೇ ನೂರರ ಆಸುಪಾಸು. ಅವರಲ್ಲಿ ವಿಧವೆಯರು, ಮಕ್ಕಳು, ಸಂಸಾರಿಗಳೂ ಇದ್ದರು. ಜೊತೆಗೆ ಹೊರಟ ಪತ್ರಕರ್ತ ರೋಜರ್ ಕೊನಾಂಟ್ ದಿನಚರಿ ಬರೆದಿಟ್ಟ. ಅದು 1960ರಲ್ಲಿ ಪುಸ್ತಕವಾಯಿತು. ದಕ್ಷಿಣ ಅಮೆರಿಕೆಯನ್ನು ಬಳಸಿ ಹೋಗುವ ತಿಂಗಳುಗಟ್ಟಲೆಯ ಪಯಣ. ಚಿಲಿಯ ಲೋಟಾ ಬಂದರಿನಲ್ಲಿ ಆ ದೇಶದ ಸೈನ್ಯಾಧಿಕಾರಿಗಳು ಹುಡುಗಿಯರನ್ನು ಅಲ್ಲೇ ಉಳಿಸಿಕೊಳ್ಳಲು ಹವಣಿಸಿದರಂತೆ.

ಸ್ಯಾನ್‌ಫ್ರಾನ್ಸಿಸ್ಕೋ ತಲುಪಿದಾಗ ಮರ್ಸರನ ಕೈ ಬರಿದು. ಹಣ ಕಳಿಸಿರೆಂದು ಗವರ್ನರ್ ಪಿಕರಿಂಗರಿಗೆ ತಂತಿ ಕೊಟ್ಟ. ಉತ್ತರ ಬಂತು, ಅದರ ವೆಚ್ಚವನ್ನು ಪಡೆದವನೇ ತೆರಬೇಕು! ಒಡೆದು ನೋಡಿದರೆ ಉದ್ದನೆಯ ಅಭಿನಂದನೆ, ಹಣದ ಮಾತೇ ಇಲ್ಲ. ಊರಿಗೆ ಬಂದಮೇಲೆ ಮುಂಗಡ ಕೊಟ್ಟವರ ಕೋಪಕ್ಕೆ ಗುರಿಯಾದ. ಕೊನೆಗೆ ಹಡಗಿನಲ್ಲಿ ಬಂದ ಆ್ಯನಿ ಸ್ಟೀವನ್ಸಳನ್ನು ತಾನೇ ಮದುವೆಯಾದ.

ಇದು ನಿಜವಾಗಿ ಅಂಚೆಯ ವ್ಯವಹಾರವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಸರಿ, ಜಾಹೀರಾತಿನ ವಧೂವರರಿಗೆ 1870ರ ದಶಕದಲ್ಲಿ 'ಮ್ಯಾಟ್ರಿಮೋನಿಯಲ್ ನ್ಯೂಸ್' ಎಂಬ ಪತ್ರಿಕೆಯೇ ಇತ್ತು. ಆದರೆ ಕಥೆಗಾರರಿಗೆ ಮರ್ಸರನ ಹಡಗೇ ಪ್ರಿಯ. 1968ರಿಂದ 1970ರವರೆಗೆ ಅಮೆರಿಕೆಯ ದೂರದರ್ಶನದಲ್ಲಿ ಓಡಿದ ಒಂದು ವಿನೋದ ಧಾರಾವಾಹಿಗೆ ಇದೇ ಪ್ರೇರಣೆ.

ಈ ಕಥೆಗಳಲ್ಲಿ ನನಗೆ ಸಹಿಸಲಾಗದ ಮೌನ ಒಂದಿದೆ. ಆ ಊರಿನ ಎಷ್ಟೋ ಬಿಳಿಯರು ಸ್ಥಳೀಯ ಮೂಲನಿವಾಸಿ ಸ್ತ್ರೀಯರೊಡನೆ ಸಂಸಾರ ಹೂಡಿದ್ದರು. ಅಂಥ ಮದುವೆ ಸಲ್ಲದೆಂದು ಪ್ರಾಂತ್ಯದ ಶಾಸನ ಕೆಲವು ವರ್ಷ ಹೇಳಿತ್ತು. ಬಿಳಿಯ ವಧು ಬರಲಿ ಎಂಬ ಉತ್ಸಾಹದ ಬೆನ್ನಿಗೆ ಆ ತಾಯಂದಿರ ಪಾಡು ಇತ್ತು. ಅವರಿಗೆ ಯಾರೂ ಹಡಗು ಕಳಿಸಲಿಲ್ಲ.

ಮೊದಲ ತಂಡದಲ್ಲಿ ಲಿಜ್ಜಿ ಆರ್ಡ್‌ವೇ ಎಂಬಾಕೆ ಇದ್ದಳು, ವಯಸ್ಸು ಮೂವತ್ತೈದು. ಅವಳು ಮದುವೆಯಾಗಲೇ ಇಲ್ಲ. ಶಾಲೆಗಳಲ್ಲಿ ಪಾಠ ಹೇಳಿದಳು, ಸ್ತ್ರೀಯರ ಮತದ ಹಕ್ಕಿಗಾಗಿ ದುಡಿದಳು, 1881ರಲ್ಲಿ ಕಿಟ್ಸಾಪ್ ಕೌಂಟಿಯ ಶಾಲೆಗಳ ಮೇಲ್ವಿಚಾರಕಿಯಾಗಿ ಚುನಾಯಿತಳಾದಳು. ಉಪಾಧ್ಯಾಯಿನಿಯ ಕೆಲಸವೆಂದು ಹೇಳಿ ಕರೆತಂದಿದ್ದರಲ್ಲ, ಆಕೆ ಆ ಮಾತನ್ನೇ ನಂಬಿ ಬಂದಿದ್ದಳೆಂದು ತೋರುತ್ತದೆ.