ಹೆದರಿಸಿದ್ದು ರಕ್ತವಲ್ಲ, ಸಂಕಟ

ದೆವ್ವದ ಚಿತ್ರವೆಂದರೆ ರಕ್ತ, ಚೀರಾಟ ಎಂದುಕೊಂಡವರು 2007ರ ಸ್ಪ್ಯಾನಿಷ್ ಚಿತ್ರ ‘ದಿ ಆರ್ಫನೇಜ್’ ನೋಡಬೇಕು. ತಾನು ಬೆಳೆದ ಅನಾಥಾಲಯದಲ್ಲೇ ಕಾಣೆಯಾದ ಸಾಕುಮಗನನ್ನು ಹುಡುಕುವ ತಾಯಿಯ ಸಂಕಟವೇ ಅಲ್ಲಿ ಎದೆ ನಡುಗಿಸುತ್ತದೆ. ಕನ್ನಡಿಗರಿಗೆ ಈ ಬಗೆ ಹೊಸದಲ್ಲ. 2004ರಲ್ಲೇ ಪಿ. ವಾಸು ನಿರ್ದೇಶನದ ‘ಆಪ್ತಮಿತ್ರ’ ಬಂದಿತ್ತು.

ಅದರ ಮೂಲ, ಫಾಜಿಲ್ ಅವರ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’. ಹಳೆಯ ಬಂಗಲೆ, ಬೀಗ ಹಾಕಿದ ಕೋಣೆ, ಪ್ರಿಯಕರನಿಂದ ಅಗಲಿ ಕೊಲೆಯಾದ ನರ್ತಕಿ ನಾಗವಲ್ಲಿ. ಅವಳ ನೋವನ್ನು ತನ್ನದೆಂದೇ ಹೊತ್ತುಕೊಂಡವಳು ಗಂಗಾ. ಊರಿಗೆಲ್ಲ ದೆವ್ವ ಕಂಡರೆ ಮನೋವೈದ್ಯನಿಗೆ ಕಂಡದ್ದು ನೊಂದ ಮನಸ್ಸು.

ಆ ವೈದ್ಯನಾಗಿ ನಟಿಸಿದ ವಿಷ್ಣುವರ್ಧನ್ ದುರ್ಗದವರ ಪಾಲಿಗೆ ಇಂದಿಗೂ ‘ನಾಗರಹಾವು’ ಚಿತ್ರದ ರಾಮಾಚಾರಿಯೇ. ತ.ರಾ.ಸು. ಕಾದಂಬರಿಗಳನ್ನಾಧರಿಸಿದ ಆ ಚಿತ್ರವನ್ನು ಪುಟ್ಟಣ್ಣ ಕಣಗಾಲರು ಚಿತ್ರದುರ್ಗದ ಕೋಟೆಯಲ್ಲೇ ಚಿತ್ರೀಕರಿಸಿದ್ದರು, ತೆರೆಕಂಡದ್ದು 1972ರಲ್ಲಿ. ಚಾಮಯ್ಯ ಮೇಷ್ಟ್ರನ್ನು ಬಿಟ್ಟರೆ ಯಾರಿಗೂ ಅರ್ಥವಾಗದ ಆ ಹುಡುಗ ಕೊನೆಗೆ ಬೆಟ್ಟದ ಮೇಲೇ ಬದುಕು ಮುಗಿಸಿಕೊಳ್ಳುತ್ತಾನೆ. 32 ವರ್ಷಗಳ ಬಳಿಕ ಅದೇ ನಟ ಇನ್ನೊಂದು ಕದಡಿದ ಮನಸ್ಸನ್ನು ಅರಿತು ಉಳಿಸಿದರು.

ಗಂಗಾ ಆಗಿದ್ದವರು ಸೌಂದರ್ಯ. 2004ರ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ವಿಮಾನ ಅಪಘಾತ ಅವರನ್ನು ಬಲಿ ತೆಗೆದುಕೊಂಡಿತು. ಚಿತ್ರ ಬಂದದ್ದು ಆಗಸ್ಟ್‌ನಲ್ಲಿ. ನಾಗವಲ್ಲಿ ಗೆಜ್ಜೆ ಕಟ್ಟಿ ತೆರೆಯ ಮೇಲೆ ಕುಣಿಯುವ ಹೊತ್ತಿಗೆ ಆ ನಟಿಯೇ ಇರಲಿಲ್ಲ.